ಪ್ಲಗ್ಗು ಕರಗುವುದೇಕೆ, ಮೋಟರು ಸುಡುವುದೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಚಳಿ ಶುರುವಾದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಗೀಸರು, ಕಾಯಿಲ್ಲು, ಹೀಟರುಗಳ ದೂರು ಹೆಚ್ಚುವುದು ವಾಡಿಕೆ. ಈ ಸಲ ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಜೋಡಿಸಿ ನೋಡಿದಾಗ, ಬಚ್ಚಲುಮನೆಯ ಪ್ಲಗ್ಗಿನಿಂದ ಹಿಡಿದು ಕೊಳವೆಬಾವಿಯ ಮೋಟರಿನವರೆಗೆ ಎಲ್ಲರೂ ಕೇಳಿರುವುದು ವಿದ್ಯುತ್ ಪ್ರವಾಹ ಉಂಟುಮಾಡುವ ಬಿಸಿಯ ಬಗ್ಗೆಯೇ ಎಂಬುದು ಕಂಡುಬಂತು. ಆದ್ದರಿಂದ ಅವುಗಳಿಗೆ ಒಂದೇ ಸಂಚಿಕೆಯಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಹೊಸದಾಗಿ ಹಾಕಿಸಿದ ಗೀಸರು ಚೆನ್ನಾಗಿಯೇ ನೀರು ಕಾಯಿಸುತ್ತಿದೆ. ಆದರೆ ಪ್ಲಗ್ಗಿನ ಒಂದು ಪಿನ್ನು ಕಪ್ಪಾಗಿ, ಸಾಕೆಟ್ಟಿನ ಪ್ಲಾಸ್ಟಿಕ್ ಕರಗಿ, ಸುಟ್ಟ ವಾಸನೆ ಬರುತ್ತಿದೆ. ಎಂಸಿಬಿ ಒಮ್ಮೆಯೂ ಬಿದ್ದಿಲ್ಲ. ಗೀಸರೇ ಸರಿಯಿಲ್ಲ, ವಾಪಸು ಕೊಡೋಣ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಏನು ಮಾಡಬೇಕು?
(ಗೃಹಿಣಿಯೊಬ್ಬರು, ಶಿರಾ)

ಉತ್ತರ: ವಾಪಸು ಕೊಡಬೇಡಿ. ದೋಷವಿರುವುದು ಗೀಸರಿನಲ್ಲಲ್ಲ, ಪ್ಲಗ್ಗು ಮತ್ತು ಸಾಕೆಟ್ಟು ಕೂಡುವ ಜಾಗದಲ್ಲಿ. ಆ ಪಾಯಿಂಟನ್ನು ಬಳಸುವುದನ್ನು ಇಂದೇ ನಿಲ್ಲಿಸಿ, ಆಮೇಲೆ ಮುಂದಿನದನ್ನು ಓದಿ.

ವಾಹಕದಲ್ಲಿ ಪ್ರವಾಹ ಹರಿದಾಗ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ (ಪ್ರವಾಹವನ್ನು ಅದರಿಂದಲೇ ಗುಣಿಸಿದ್ದಕ್ಕೆ), ವಾಹಕದ ರೋಧಕ್ಕೆ (ಅದು ಪ್ರವಾಹಕ್ಕೆ ಒಡ್ಡುವ ತಡೆಗೆ) ಮತ್ತು ಹರಿದ ಕಾಲಕ್ಕೆ ಅನುಪಾತದಲ್ಲಿರುತ್ತದೆ. ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ ಬಿಯರ್ ತಯಾರಕರ ಮನೆತನದಲ್ಲಿ ಹುಟ್ಟಿದ ಜೇಮ್ಸ್ ಪ್ರೆಸ್ಕಾಟ್ ಜೂಲ್, ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಪ್ರವಾಹ ಹರಿಸಿ, ನೀರಿನ ಬಿಸಿ ಎಷ್ಟು ಏರಿತೆಂದು ಅಳೆದು 1841ರಲ್ಲಿ ಈ ನಿಯಮವನ್ನು ಪ್ರಕಟಿಸಿದರು. ನಮ್ಮ ಬಕೆಟ್ಟಿನ ಕಾಯಿಲ್ಲು ಆ ಪ್ರಯೋಗದ ನೇರ ವಂಶಸ್ಥನೆಂದರೆ ತಪ್ಪಾಗದು.

ಈಗ ನಿಮ್ಮ ಪ್ಲಗ್ಗಿಗೆ ಬರೋಣ. 2000 ವಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಪ್ರವಾಹ ಎಳೆಯುತ್ತದೆ. ಪಿನ್ನು ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿಕೆಗೆ ಬಿಗಿಯಾಗಿ ಕೂತಿದ್ದು, ಆ ಕೂಡಿಕೆಯ ರೋಧ 0.01 ಓಮ್ ಇದೆಯೆಂದುಕೊಂಡರೆ, ಅಲ್ಲಿ ಹುಟ್ಟುವ ಉಷ್ಣ ಒಂದು ವಾಟಿಗೂ ಕಡಿಮೆ. ಹಿಡಿಕೆ ಸಡಿಲವಾಗಿ ರೋಧ ಅರ್ಧ ಓಮಿಗೆ ಏರಿದರೆ ಅದೇ ಜಾಗದಲ್ಲಿ ಸುಮಾರು 38 ವಾಟ್ ಹುಟ್ಟುತ್ತದೆ. ರೇಡಿಯೊ ರಿಪೇರಿಯವರು ಬೆಸುಗೆ ಹಾಕಲು ಹಿಡಿಯುವ ಸಾಲ್ಡರಿಂಗ್ ಕಡ್ಡಿಗೆ 25 ವಾಟ್ ಸಾಕಾಗುತ್ತದೆ ಎಂಬುದನ್ನು ನೆನೆದರೆ, ಪ್ಲಾಸ್ಟಿಕ್ ಏಕೆ ಕರಗಿತೆಂದು ತಿಳಿಯುತ್ತದೆ. ಬಿಸಿಯಾದಷ್ಟೂ ಹಿತ್ತಾಳೆ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ, ಅದರ ಮೇಲೆ ಆಕ್ಸೈಡಿನ ಕಪ್ಪು ಪೊರೆ ಕೂರುತ್ತದೆ, ರೋಧ ಇನ್ನೂ ಏರುತ್ತದೆ, ಬಿಸಿ ಮತ್ತೂ ಹೆಚ್ಚುತ್ತದೆ. ಹಾಗಾಗಿ ಒಮ್ಮೆ ಕಪ್ಪಾಗಲು ತೊಡಗಿದ ಪಾಯಿಂಟು ತಾನಾಗಿ ಸರಿಹೋಗುವುದೇ ಇಲ್ಲ.

ಎಂಸಿಬಿ ಬೀಳದಿದ್ದುದು ಸಹಜವೇ ಆಗಿದೆ. ಅದು ಕಾಯುವುದು ಪ್ರವಾಹ ಮಿತಿಮೀರುವುದನ್ನು ಮಾತ್ರ. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿದ್ದು, ಪ್ರವಾಹ ಹೆಚ್ಚಾಗಿ ಬಿಸಿಯೇರಿದಾಗ ಅದು ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಶಾರ್ಟ್ ಸರ್ಕ್ಯೂಟಿನಂಥ ಹಠಾತ್ ಏರಿಕೆಗೆ ಬೇರೊಂದು ವಿದ್ಯುತ್ಕಾಂತವಿದೆ. ನಿಮ್ಮ ಮನೆಯಲ್ಲಿ ಹರಿಯುತ್ತಿರುವುದು 8.7 ಆಂಪಿಯರ್ ಅಷ್ಟೇ. 16 ಆಂಪಿಯರಿನ ಎಂಸಿಬಿಯ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇದೆ. ಸಡಿಲ ಕೂಡಿಕೆಯಿಂದ ಹೊತ್ತುವ ಬೆಂಕಿಯನ್ನು ಎಂಸಿಬಿ ತಡೆಯುತ್ತದೆಂಬ ಭರವಸೆಯನ್ನು ಯಾರೂ ಇಟ್ಟುಕೊಳ್ಳಬಾರದು.

ಪ್ಲಗ್ಗು, ಸಾಕೆಟ್ಟು ಎರಡನ್ನೂ ಬದಲಿಸಬೇಕು. ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಐಎಸ್‌ಐ ಗುರುತಿನ 16 ಆಂಪಿಯರಿನದನ್ನೇ ತರಬೇಕು. ಸುಟ್ಟು ಕಪ್ಪಾದ ತಂತಿಯ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಸ್ಕ್ರೂ ಬಿಗಿಯಾಗಿ ತಿರುಗಿಸುವಂತೆ ಕೆಲಸದವರಿಗೆ ಹೇಳಿ. ಗೋಡೆಯೊಳಗಿನ ತಂತಿ ಕನಿಷ್ಠ 2.5 ಚದರ ಮಿಲಿಮೀಟರ್ ಇರಲಿ, 4 ಇದ್ದರೆ ಮತ್ತೂ ಒಳ್ಳೆಯದು. ಪ್ಲಗ್ಗು ಸಾಕೆಟ್ಟಿಗೆ ಹೋಗದೆಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಗೀಸರು ಚುಚ್ಚುವವರನ್ನೂ ಕಂಡಿದ್ದೇನೆ. ಅದರ ಸಣ್ಣ ತಂತಿಯನ್ನು ಸುತ್ತಿ ಉಂಡೆಮಾಡಿ ಇಟ್ಟರಂತೂ ಒಳಗಿನ ಬಿಸಿಗೆ ಹೊರಹೋಗಲು ದಾರಿಯೇ ಇರುವುದಿಲ್ಲ.

ಪ್ರಶ್ನೆ: ಸರ್, ನಾನು ಹತ್ತನೆಯ ತರಗತಿ ಓದುತ್ತಿದ್ದೇನೆ. ಒಂದು ಸೂತ್ರದ ಪ್ರಕಾರ ರೋಧ ಹೆಚ್ಚಾದರೆ ಉಷ್ಣ ಹೆಚ್ಚು. ವಿಭವಾಂತರದ (ವೋಲ್ಟೇಜಿನ) ವರ್ಗವನ್ನು ರೋಧದಿಂದ ಭಾಗಿಸುವ ಇನ್ನೊಂದು ಸೂತ್ರದ ಪ್ರಕಾರ ರೋಧ ಹೆಚ್ಚಾದರೆ ಉಷ್ಣ ಕಡಿಮೆ. ಎರಡರಲ್ಲಿ ಯಾವುದು ಸರಿ? ಕಾಯಿಲ್ಲು ಕಾದರೂ ಅದರ ವೈರು ಏಕೆ ಕಾಯುವುದಿಲ್ಲ?
(ವಿದ್ಯಾರ್ಥಿನಿ, ಗೌರಿಬಿದನೂರು)

ಉತ್ತರ: ಎರಡೂ ಸರಿ, ಮಗು. ಸೂತ್ರ ಬಳಸುವ ಮೊದಲು, ಹೋಲಿಸುವ ಎರಡು ವಸ್ತುಗಳಿಗೆ ಸಮಾನವಾಗಿರುವುದು ಯಾವುದು ಎಂದು ಕೇಳಿಕೊಳ್ಳಬೇಕು. ಈ ಪ್ರಶ್ನೆಯನ್ನು ಬಿಟ್ಟು ಸೂತ್ರ ಉರುಹೊಡೆಸುವುದರಿಂದಲೇ ಗೊಂದಲ ಹುಟ್ಟುತ್ತದೆ.

ಮನೆಯ ಉಪಕರಣಗಳೆಲ್ಲ ಸಮಾಂತರವಾಗಿ ಜೋಡಣೆಗೊಂಡಿರುವುದರಿಂದ ಅವುಗಳಿಗೆ ಸಮಾನವಾಗಿರುವುದು 230 ವೋಲ್ಟಿನ ವಿಭವಾಂತರ. ಇಲ್ಲಿ ರೋಧ ಕಡಿಮೆಯಿರುವುದೇ ಹೆಚ್ಚು ಪ್ರವಾಹ ಎಳೆದು ಹೆಚ್ಚು ಬಿಸಿಯನ್ನು ಕೊಡುತ್ತದೆ: 1500 ವಾಟಿನ ಕಾಯಿಲ್ಲಿನ ರೋಧ ಸುಮಾರು 35 ಓಮ್, ಉರಿಯುತ್ತಿರುವ 60 ವಾಟಿನ ಹಳೆಯ ಬಲ್ಬಿನದು ಸುಮಾರು 880 ಓಮ್. ಆದರೆ ಕಾಯಿಲ್ಲು ಮತ್ತು ಅದರ ವೈರು ಇರುವುದು ಸರಣಿಯಲ್ಲಿ. ಒಂದರಲ್ಲಿ ಹರಿದಷ್ಟೇ ಪ್ರವಾಹ ಇನ್ನೊಂದರಲ್ಲೂ ಹರಿಯಬೇಕು. ಅಲ್ಲಿ ರೋಧ ಹೆಚ್ಚಿರುವ ಕಡೆಯೇ ಬಿಸಿ ಹುಟ್ಟುತ್ತದೆ. ವೈರಿನ ರೋಧ 0.1 ಓಮ್ ಎಂದಿಟ್ಟುಕೊಂಡರೆ, ಕಾಯಿಲ್ಲಿನಲ್ಲಿ 350 ಪಾಲು ಉಷ್ಣ ಹುಟ್ಟುವಾಗ ವೈರಿನ ಪಾಲಿಗೆ ಬರುವುದು ಒಂದೇ ಪಾಲು, ಅದೂ ಇಡೀ ಉದ್ದಕ್ಕೆ ಹಂಚಿಹೋಗುತ್ತದೆ. ಶಿರಾದ ಓದುಗರಿಗೆ ಕೊಟ್ಟ ಉತ್ತರವನ್ನು ಈಗ ಮತ್ತೊಮ್ಮೆ ಓದಿದರೆ, ಸಡಿಲ ಪ್ಲಗ್ಗು ಕೂಡ ಗೀಸರಿನೊಂದಿಗೆ ಸರಣಿಯಲ್ಲಿ ಸೇರಿಕೊಂಡ ಬೇಡದ ಹೀಟರು ಎಂಬುದು ನಿನಗೇ ಹೊಳೆಯುತ್ತದೆ.

ಸುರುಳಿಗೆ ನಿಕ್ರೋಮ್ ತಂತಿಯನ್ನೇ ಆರಿಸುವುದಕ್ಕೆ ಬರೀ ರೋಧ ಕಾರಣವಲ್ಲ. ಸುಮಾರು 80 ಭಾಗ ನಿಕ್ಕಲ್, 20 ಭಾಗ ಕ್ರೋಮಿಯಂ ಇರುವ ಈ ಮಿಶ್ರಲೋಹದ ರೋಧಶೀಲತೆ ತಾಮ್ರದ ಸುಮಾರು 60 ಪಟ್ಟು. ಕರಗುವುದು 1400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಕೆಂಪಗೆ ಕಾದಾಗ ಮೇಲೆ ಕ್ರೋಮಿಯಂ ಆಕ್ಸೈಡಿನ ಗಟ್ಟಿ ಪೊರೆಯೊಂದು ಮೂಡಿ ಒಳಗಿನ ಲೋಹವನ್ನು ಗಾಳಿಯಿಂದ ಕಾಪಾಡುತ್ತದೆ. ಟಂಗ್‌ಸ್ಟನ್ 3400 ಡಿಗ್ರಿ ದಾಟಿದರೂ ಕರಗದ ಲೋಹವಾದರೂ ಗಾಳಿಯಲ್ಲಿ ಕಾಯಿಸಿದರೆ ಬೇಗ ಉರಿದುಹೋಗುತ್ತದೆ. ಆದ್ದರಿಂದಲೇ ಅದನ್ನು ಆರ್ಗಾನಿನಂಥ ಅನಿಲ ತುಂಬಿದ ಗಾಜಿನ ಬುರುಡೆಯೊಳಗೆ ಇಡುತ್ತಾರೆ.

ಪ್ರಶ್ನೆ: ಕರೆಂಟು ಉಳಿಯಲೆಂದು ಕೋಳಿಮರಿಗಳ ಶೆಡ್ಡಿನಲ್ಲಿ 60 ವಾಟಿನ ಬಲ್ಬುಗಳನ್ನು ತೆಗೆದು 9 ವಾಟಿನ ಎಲ್‌ಇಡಿ ಹಾಕಿದೆವು. ಬೆಳಕು ಮೊದಲಿಗಿಂತ ಚೆನ್ನಾಗಿದೆ. ಆದರೆ ಮರಿಗಳು ಗುಂಪುಗೂಡಿ ಒಂದರ ಮೇಲೊಂದು ಬಿದ್ದು ಸಾಯುತ್ತಿವೆ. ರೋಗವೇ?
(ಕೋಳಿ ಸಾಕಣೆದಾರರು, ಚಿಂತಾಮಣಿ)

ಉತ್ತರ: ಪಶುವೈದ್ಯರಿಗೆ ತೋರಿಸುವುದು ಒಳ್ಳೆಯದೇ. ಆದರೆ ನೀವು ಬರೆದ ಲಕ್ಷಣ ಚಳಿಯದ್ದು. ಹಳೆಯ ಬಲ್ಬು ಬೆಳಕಿನ ಉಪಕರಣವೆಂಬ ಹೆಸರು ಹೊತ್ತಿದ್ದರೂ ವಾಸ್ತವದಲ್ಲಿ ಅದು ಹೀಟರು. ಅದು ತೆಗೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಐದು ಪಾಲು ಬೆಳಕಾಗಿ, ಉಳಿದದ್ದೆಲ್ಲ ಬಿಸಿಯಾಗುತ್ತದೆ. ಓದುವ ಕೋಣೆಯಲ್ಲಿ ಇದು ದಂಡ, ನಿಮ್ಮ ಶೆಡ್ಡಿನಲ್ಲಿ ಇದೇ ಬೇಕಾಗಿದ್ದ ಸರಕು. 9 ವಾಟಿನ ಎಲ್‌ಇಡಿ ಏನೇ ಮಾಡಿದರೂ 9 ವಾಟಿಗಿಂತ ಹೆಚ್ಚು ಬಿಸಿ ಕೊಡಲಾರದು.

ಮೊದಲ ವಾರದ ಮರಿಗಳಿಗೆ ಅವುಗಳ ಮೈಮಟ್ಟದಲ್ಲಿ 33ರಿಂದ 35 ಡಿಗ್ರಿಯಷ್ಟು ಬಿಸಿ ಬೇಕು, ಆಮೇಲೆ ವಾರವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತ ಬರಬಹುದು. ಮರಿಯೊಂದಕ್ಕೆ 1ರಿಂದ 2 ವಾಟ್ ಎಂಬುದು ಸಾಕಣೆಯಲ್ಲಿ ರೂಢಿಯಲ್ಲಿರುವ ಲೆಕ್ಕ. ಬೆಳಕಿಗೆ ಎಲ್‌ಇಡಿ ಇರಲಿ. ಬಿಸಿಗೆ ಹಳೆಯ ಬಲ್ಬನ್ನೋ, ಅವಕೆಂಪು ಬಲ್ಬನ್ನೋ, ಸೆರಾಮಿಕ್ ಹೀಟರನ್ನೋ ತಗಡಿನ ಮುಚ್ಚಳದಡಿ ತೂಗುಹಾಕಿ. ಥರ್ಮಾಮೀಟರಿಗಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ: ದೀಪದಡಿ ಒತ್ತೊತ್ತಾಗಿ ಸೇರಿದರೆ ಬಿಸಿ ಸಾಲದು, ಅಂಚಿಗೆ ಓಡಿ ಬಾಯಿ ತೆರೆದು ನಿಂತರೆ ಜಾಸ್ತಿಯಾಗಿದೆ. ನೆಲಕ್ಕೆ ಹಾಸಿದ ಹೊಟ್ಟಿಗೆ ಬಲ್ಬು ತಾಗದಂತೆ, ತಂತಿಯೊಂದನ್ನೇ ನೆಚ್ಚದೆ ಸರಪಳಿಯಿಂದ ಕಟ್ಟಬೇಕು. ಬಲ್ಬು ಕಳಚಿ ಹೊಟ್ಟಿಗೆ ಬಿದ್ದರೆ ಶೆಡ್ಡೇ ಹೊತ್ತಿಕೊಳ್ಳಬಹುದು.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿಗೆ ಕಾಯಿಲ್ಲು ಒಂದು ವರ್ಷವೂ ಬಾಳುವುದಿಲ್ಲ. ಮೇಲೆ ಸುಣ್ಣದಂತೆ ಬಿಳಿ ಕಟ್ಟುತ್ತದೆ. ವೋಲ್ಟೇಜ್ ಇಳಿದಾಗ ನೀರು ಕಾಯಲು ತುಂಬ ಹೊತ್ತು ಹಿಡಿದು ಬಿಲ್ಲೂ ಹೆಚ್ಚುತ್ತದೆಯೇ?
(ಓದುಗರು, ಬಂಗಾರಪೇಟೆ)

ಉತ್ತರ: ಅದು ಹೆಚ್ಚುಕಡಿಮೆ ಸುಣ್ಣದ ಕಲ್ಲೇ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟು ಕಾದಾಗ ಒಡೆದು, ಬಿಸಿ ಎಲ್ಲಿ ಹೆಚ್ಚಿದೆಯೋ ಅಲ್ಲಿಗೇ ಅಂಟಿಕೊಳ್ಳುತ್ತದೆ. ಕಾಯಿಲ್ಲಿನ ಕೊಳವೆಯೊಳಗೆ ನಿಕ್ರೋಮ್ ಸುರುಳಿಯಿದ್ದು, ಅದರ ಸುತ್ತ ಮೆಗ್ನೀಸಿಯಂ ಆಕ್ಸೈಡಿನ ಪುಡಿಯನ್ನು ಗಿಡಿದು ತುಂಬಿರುತ್ತಾರೆ. ಆ ಪುಡಿ ವಿದ್ಯುತ್ತನ್ನು ಬಿಡದು, ಬಿಸಿಯನ್ನು ಮಾತ್ರ ದಾಟಿಸುತ್ತದೆ. ಹೊರಗೆ ಬಿಳಿ ಪದರ ಕಟ್ಟಿದಾಗ ಸುರುಳಿ ಎಂದಿನಷ್ಟೇ ಬಿಸಿಯನ್ನು ಹುಟ್ಟಿಸುತ್ತಿದ್ದರೂ ಅದು ನೀರಿಗೆ ತಲುಪುವುದು ನಿಧಾನವಾಗಿ, ಸುರುಳಿಯೇ ಮಿತಿಮೀರಿ ಕಾದು ಕಡಿಯುತ್ತದೆ. ತಿಂಗಳಿಗೊಮ್ಮೆ ಪ್ಲಗ್ಗು ಕಿತ್ತು, ಕಾಯಿಲ್ಲು ಆರಿದ ಮೇಲೆ, ವಿನೆಗರ್ ಅಥವಾ ನಿಂಬೆರಸ ಬೆರೆಸಿದ ನೀರಿನಲ್ಲಿ ಕೆಳಭಾಗವನ್ನಷ್ಟೇ ನೆನೆಸಿಟ್ಟು ಉಜ್ಜಿದರೆ ಪದರ ಬಿಡುತ್ತದೆ. ಚಾಕುವಿನಿಂದ ಕೆರೆಯಬೇಡಿ.

ಎರಡನೆಯ ಪ್ರಶ್ನೆಗೆ ಲೆಕ್ಕವೇ ಉತ್ತರ. 20 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಸುಮಾರು 2100 ಕಿಲೋಜೂಲ್, ಅಂದರೆ 0.58 ಯೂನಿಟ್ ಬೇಕು. 1500 ವಾಟಿನ ಕಾಯಿಲ್ಲು 230 ವೋಲ್ಟಿನಲ್ಲಿ ಇದನ್ನು 23 ನಿಮಿಷಗಳಲ್ಲಿ ಮುಗಿಸುತ್ತದೆ. ವೋಲ್ಟೇಜು 180ಕ್ಕೆ ಇಳಿದರೆ ಅದರ ಸಾಮರ್ಥ್ಯ ವರ್ಗದ ಲೆಕ್ಕದಲ್ಲಿ ಕುಗ್ಗಿ ಸುಮಾರು 920 ವಾಟಾಗುತ್ತದೆ, 38 ನಿಮಿಷ ಹಿಡಿಯುತ್ತದೆ. ಯೂನಿಟ್ಟು ಹೆಚ್ಚುಕಡಿಮೆ ಅಷ್ಟೇ. ಹೊತ್ತು ಹೆಚ್ಚಾದಂತೆ ಬಕೆಟ್ಟಿನಿಂದ ಗಾಳಿಗೆ ಸೋರುವ ಬಿಸಿಯಷ್ಟೇ ಹೆಚ್ಚುವರಿ. ಬಿಸಿಯಾಯಿತೇ ಎಂದು ನೋಡಲು ಸ್ವಿಚ್ಚು ಹಾಕಿರುವಾಗಲೇ ನೀರಿಗೆ ಬೆರಳು ಅದ್ದುವ ಅಭ್ಯಾಸವೊಂದು ಮನೆಮನೆಯಲ್ಲೂ ಇದೆ. ಕೊಳವೆ ಒಳಗೆ ಎಲ್ಲಾದರೂ ಸೀಳಿದ್ದರೆ ಆ ನೀರೇ ಪ್ರಾಣ ತೆಗೆಯಬಹುದು. ಆದ್ದರಿಂದ ಅರ್ತಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಮನೆಗೆ, ಪ್ರವಾಹ ಸೋರಿದೊಡನೆ ವಿದ್ಯುತ್ತನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ.

ಪ್ರಶ್ನೆ: ವೋಲ್ಟೇಜ್ ಕಡಿಮೆಯಾದರೆ ಹೀಟರು ತಣ್ಣಗಾಗುತ್ತದೆ, ಸರಿ. ಹಾಗಾದರೆ ಅದೇ ಕಡಿಮೆ ವೋಲ್ಟೇಜಿಗೆ ನಮ್ಮ ಕೊಳವೆಬಾವಿಯ ಮೋಟರು ಏಕೆ ಸುಡುತ್ತದೆ? ಸಾವಿರ ಅಡಿಗೂ ಆಳದಿಂದ ಮೋಟರು ಎತ್ತಿಸಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ ಮಾವಿನ ದುಡ್ಡೆಲ್ಲ ಮುಗಿಯುತ್ತದೆ.
(ರೈತರು, ಶ್ರೀನಿವಾಸಪುರ)

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಬಹಳ ಹಿಡಿಸಿದ ಪ್ರಶ್ನೆ ಇದು.

ಹೀಟರಿಗೆ ಇಂತಿಷ್ಟು ಕೆಲಸ ಮಾಡಲೇಬೇಕೆಂಬ ಹೊರೆಯಿಲ್ಲ. ಕೊಟ್ಟ ವೋಲ್ಟೇಜಿಗೆ ತಕ್ಕ ಪ್ರವಾಹ ಎಳೆದು ಸುಮ್ಮನಿರುತ್ತದೆ. ಮೋಟರಿನ ಹೆಗಲ ಮೇಲೆ ಸಾವಿರ ಅಡಿಯ ನೀರಿನ ಕಂಬವಿದೆ. ಅದು ಬಹುಮಟ್ಟಿಗೆ ಅದೇ ವೇಗದಲ್ಲಿ ತಿರುಗುತ್ತ ಅದೇ ನೀರನ್ನು ಎತ್ತಬೇಕಾಗಿರುವುದರಿಂದ, ವೋಲ್ಟೇಜಿನಲ್ಲಿ ಆದ ಕೊರತೆಯನ್ನು ಹೆಚ್ಚು ಪ್ರವಾಹ ಎಳೆದು ತುಂಬಿಕೊಳ್ಳುತ್ತದೆ. ಆಂಪಿಯರು ನೂರಕ್ಕೆ 20ರಷ್ಟು ಏರಿದರೆ ವೈಂಡಿಂಗಿನಲ್ಲಿ (ಮೋಟರಿನೊಳಗೆ ಸುತ್ತಿರುವ ತಾಮ್ರದ ತಂತಿಯಲ್ಲಿ) ಹುಟ್ಟುವ ಬಿಸಿ ನೂರಕ್ಕೆ 44ರಷ್ಟು ಏರುತ್ತದೆ. ಸುಡುವುದು ತಾಮ್ರವಲ್ಲ, ಅದರ ಮೇಲಿನ ಹೊದಿಕೆ. ಹೊದಿಕೆ ಸಹಿಸುವ ಮಿತಿಗಿಂತ ಪ್ರತಿ 10 ಡಿಗ್ರಿ ಹೆಚ್ಚಾದಾಗ ಅದರ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ಎಂಜಿನಿಯರುಗಳು ಇಟ್ಟುಕೊಂಡಿರುವ ಸ್ಥೂಲ ಅಂದಾಜು. ಆದ್ದರಿಂದ ಮೋಟರು ಇವತ್ತೇ ಸುಡಬೇಕೆಂದಿಲ್ಲ. ಕಡಿಮೆ ವೋಲ್ಟೇಜಿನಲ್ಲಿ ಓಡಿಸಿದ ಪ್ರತಿ ರಾತ್ರಿಯೂ ಅದರ ಆಯುಸ್ಸಿನಿಂದ ಒಂದಿಷ್ಟು ಕಳೆದುಹೋಗಿರುತ್ತದೆ.

ಇದಕ್ಕಿಂತ ಕೆಟ್ಟದ್ದು, ಮೋಟರಿಗೆ ವಿದ್ಯುತ್ತು ತರುವ ಮೂರು ಫೇಸ್ ತಂತಿಗಳಲ್ಲಿ ಒಂದು ಹೋಗುವುದು. ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ಒಂದು ಫ್ಯೂಸ್ ಹೋದರೂ, ಓಡುತ್ತಿರುವ ಮೋಟರು ಉಳಿದೆರಡು ಫೇಸಿನಲ್ಲಿ ಓಡುತ್ತಲೇ ಇರುತ್ತದೆ. ಆ ಎರಡು ತಂತಿಗಳಲ್ಲಿ ಪ್ರವಾಹ ಸುಮಾರು 1.73 ಪಟ್ಟಾಗುತ್ತದೆ, ಬಿಸಿ ಸುಮಾರು ಮೂರು ಪಟ್ಟು. ಕಂಡೆನ್ಸರ್ ಕಟ್ಟಿ ಎರಡು ಫೇಸಿನಲ್ಲೇ ಮೋಟರು ಓಡಿಸುವ ಉಪಾಯ ನಮ್ಮ ಕಡೆ ಬಹಳ ದಿನಗಳಿಂದ ನಡೆದುಬಂದಿದೆ. ಬೆಳೆ ಒಣಗುತ್ತಿರುವಾಗ ಅದನ್ನು ಮಾಡುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಮೋಟರು ಪೂರ್ಣ ಹೊರೆ ಹೊತ್ತಿರುವಾಗ ಆ ಉಪಾಯದಿಂದ ಮೂರು ವೈಂಡಿಂಗುಗಳಿಗೆ ಸಮನಾದ ಪ್ರವಾಹ ಸಿಗುವುದಿಲ್ಲ. ಹೆಚ್ಚು ಪಾಲು ಬಿದ್ದ ವೈಂಡಿಂಗು ಮೊದಲು ಸುಡುತ್ತದೆ.

ಮೂರನೆಯ ಕಾರಣ ನೀರಿನದೇ. ಕೊಳವೆಬಾವಿಯ ಮೋಟರನ್ನು ತಂಪಾಗಿಡುವುದು ಅದರ ಮೈಸವರಿ ಮೇಲೇರುವ ನೀರು. ನೀರು ಇಳಿದು ಗಾಳಿ ಎಳೆಯತೊಡಗಿದರೆ ಆಂಪಿಯರು ಇಳಿಯುವುದರಿಂದ, ಪ್ರವಾಹ ಮಿತಿಮೀರಿದರೆ ಮೋಟರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಗೆ ಏನೂ ತಿಳಿಯದು, ಆದರೆ ಹುಟ್ಟಿದ ಅಷ್ಟಿಷ್ಟು ಬಿಸಿಗೂ ಹೊರದಾರಿ ಮುಚ್ಚಿರುತ್ತದೆ. ನೀರು ತುಂಬಿದ ಮೋಟರುಗಳ ವೈಂಡಿಂಗ್ ತಂತಿಗೆ ಸಾಮಾನ್ಯವಾಗಿ ಇರುವುದು ಪಿವಿಸಿ ಹೊದಿಕೆ; ಅದು ಹೆಚ್ಚು ಬಿಸಿ ತಡೆಯುವುದಲ್ಲ.

ಮಾಡಬೇಕಾದ್ದು ಇಷ್ಟು: ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಮೋಟರಿನ ತಗಡಿನ ಮೇಲೆ ಬರೆದಿರುವ ಆಂಪಿಯರಿಗೇ ಹೊಂದಿಸಿ. ರಿಲೇ ಪದೇ ಪದೇ ಬೀಳುತ್ತದೆಂದು ಅದರ ತಿರುಪನ್ನು ಮೇಲಕ್ಕೆ ತಿರುಗಿಸುವುದು, ಇಲ್ಲವೇ ಬೈಪಾಸ್ ಮಾಡುವುದು, ಮೋಟರು ಸುಡುವುದಕ್ಕೆ ತಾವೇ ಒಪ್ಪಿಗೆ ಕೊಟ್ಟಂತೆ. ಒಂದು ಫೇಸ್ ಹೋದಾಗ ಮೋಟರನ್ನು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಮತ್ತು ನೀರಿಲ್ಲದಾಗ ನಿಲ್ಲಿಸುವ ಡ್ರೈ ರನ್ ಪ್ರೊಟೆಕ್ಷನ್ ಇರುವ ಪ್ಯಾನೆಲ್ ಬೋರ್ಡಿಗೆ ಆಗುವ ಖರ್ಚು ಮೋಟರನ್ನು ಒಮ್ಮೆ ಎತ್ತಿಸಿ ಇಳಿಸುವ ಖರ್ಚಿನ ಮುಂದೆ ದೊಡ್ಡದಲ್ಲ. ಆಳ ಹೆಚ್ಚಿಸುವಾಗ ಹಳೆಯ ಸಣ್ಣ ಕೇಬಲ್ಲಿಗೇ ಇನ್ನಷ್ಟು ಉದ್ದ ಜೋಡಿಸುವುದನ್ನೂ ಬಿಡಬೇಕು. ಕೇಬಲ್ಲಿನ ರೋಧದಲ್ಲೇ ವೋಲ್ಟೇಜು ಕರಗಿದರೆ, ಬೋರ್ಡಿನ ಮೀಟರು 400 ತೋರಿಸುತ್ತಿದ್ದರೂ ಕೆಳಗಿನ ಮೋಟರಿಗೆ ಅಷ್ಟು ತಲುಪುವುದಿಲ್ಲ.

ಪ್ರಶ್ನೆ: ಶಿವನಸಮುದ್ರದಿಂದ ನಮ್ಮ ಚಿನ್ನದ ಗಣಿಗೆ ಕರೆಂಟು ಬಂದ ಕಥೆ ಕೇಳುತ್ತ ಬೆಳೆದವನು ನಾನು. ತಂತಿ ಬಿಸಿಯಾಗಿಯೇ ವಿದ್ಯುತ್ತು ದಾರಿಯಲ್ಲಿ ಖರ್ಚಾಗಿಹೋಗಬೇಕಿತ್ತಲ್ಲ, ಅಷ್ಟು ದೂರ ಹೇಗೆ ತಲುಪಿಸಿದರು?
(ನಿವೃತ್ತ ಗಣಿ ನೌಕರರು, ಕೆಜಿಎಫ್)

ಉತ್ತರ: 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತು ಹರಿಯಿತು, ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಅಂದಿನ ಜಗತ್ತಿನಲ್ಲಿಯೇ ಅತಿ ಉದ್ದದ ಮಾರ್ಗಗಳಲ್ಲಿ ಇದೂ ಒಂದು. ನಿಮ್ಮ ಅನುಮಾನ ನ್ಯಾಯವಾದದ್ದು, ಮತ್ತು ಅದನ್ನು ಪರಿಹರಿಸಿದ್ದು ಜೂಲ್ ನಿಯಮದಲ್ಲಿರುವ ವರ್ಗವೇ. ಬೇಕಾದ ಸಾಮರ್ಥ್ಯವನ್ನು ಹೆಚ್ಚು ವೋಲ್ಟೇಜಿನಲ್ಲಿ ಕಳಿಸಿದರೆ ಪ್ರವಾಹ ಕಡಿಮೆ ಸಾಕು. ಒಂದು ಸಾವಿರ ಕಿಲೋವಾಟನ್ನು ಒಂದು ಜೊತೆ ತಂತಿಯಲ್ಲಿ 230 ವೋಲ್ಟಿನಲ್ಲಿ ಕಳಿಸಲು 4300ಕ್ಕೂ ಹೆಚ್ಚು ಆಂಪಿಯರ್ ಬೇಕು. 30 ಸಾವಿರ ವೋಲ್ಟಿನಲ್ಲಿ 33 ಆಂಪಿಯರ್ ಸಾಕು. ಪ್ರವಾಹ 130 ಪಟ್ಟು ಇಳಿದರೆ ಅದೇ ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಸುಮಾರು 17 ಸಾವಿರ ಪಟ್ಟು ಇಳಿಯುತ್ತದೆ. ಗಣಿಯ ಮಾರ್ಗವನ್ನು ಆ 30 ಸಾವಿರ ವೋಲ್ಟಿನ ಮಟ್ಟದಲ್ಲೇ ಎಳೆದರು. ಇಂದು ಪಾವಗಡದ 2050 ಮೆಗಾವಾಟಿನ ಸೌರ ಪಾರ್ಕಿನಿಂದ ವಿದ್ಯುತ್ತು ಹೊರಡುವಾಗ ಅದನ್ನು 220 ಸಾವಿರ, 400 ಸಾವಿರ ವೋಲ್ಟಿಗೆ ಏರಿಸುವುದೂ ಈ ಕಾರಣಕ್ಕೇ.

ಪ್ರಶ್ನೆ: ಫ್ಯೂಸ್ ಪದೇ ಪದೇ ಹೋಗುತ್ತದೆಂದು ಪಕ್ಕದ ಮನೆಯವರು ವೈರಿನಿಂದ ಬಿಡಿಸಿದ ತಾಮ್ರದ ಎಳೆಗಳನ್ನು ಹೊಸೆದು ಕಟ್ಟಿಕೊಟ್ಟರು. ಈಗ ಹೋಗುತ್ತಿಲ್ಲ. ಹೀಗೇ ಇರಬಹುದೇ?
(ಓದುಗರು, ಮಧುಗಿರಿ)

ಉತ್ತರ: ಇರಬಾರದು. ಫ್ಯೂಸ್ ತಂತಿ ಇರುವುದೇ ಇಡೀ ದಾರಿಯಲ್ಲಿ ಮೊದಲು ತಾನು ಕರಗುವುದಕ್ಕೆ. ಅದಕ್ಕಾಗಿಯೇ ಅದರ ದಪ್ಪವನ್ನು ಆಂಪಿಯರಿನ ಲೆಕ್ಕದಲ್ಲಿ ನಿಗದಿಮಾಡಿ ಮಾರುತ್ತಾರೆ. ನಾಲ್ಕಾರು ಎಳೆ ಹೊಸೆದರೆ ಅದು ಗೋಡೆಯೊಳಗಿನ ತಂತಿಗಿಂತ ಗಟ್ಟಿಯಾಗಿ, ಕರಗುವ ಸರದಿ ಗೋಡೆಯ ತಂತಿಯದಾಗುತ್ತದೆ. ಮೊದಲು ಫ್ಯೂಸ್ ಏಕೆ ಹೋಗುತ್ತಿತ್ತೆಂದು ಪತ್ತೆಮಾಡಿಸಿ. ಆದಷ್ಟು ಬೇಗ ಎಂಸಿಬಿ ಹಾಕಿಸಿಕೊಳ್ಳುವುದು ಮೇಲು.

ಪ್ರಶ್ನೆ: ಇಂಡಕ್ಷನ್ ಒಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ ಕಾಯುವುದೇ ಇಲ್ಲ, ಕಬ್ಬಿಣದ ದೋಸೆ ಕಾವಲಿ ಮಾತ್ರ ಕ್ಷಣದಲ್ಲಿ ಕಾಯುತ್ತದೆ. ಒಲೆಯೊಳಗೆ ಕಾಯಿಲ್ಲೇ ಇಲ್ಲವೇ?
(ಓದುಗರು, ತಿಪಟೂರು)

ಉತ್ತರ: ಇದೆ, ಆದರೆ ಅದು ತಾನು ಕಾಯಲಿಕ್ಕಲ್ಲ. ತಾಮ್ರದ ಆ ಸುರುಳಿಯಲ್ಲಿ ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ಪ್ರವಾಹ ಹರಿದು, ಅದರ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲೇ ಸುಳಿ ಪ್ರವಾಹಗಳನ್ನು ಎಬ್ಬಿಸುತ್ತದೆ. ಬಿಸಿ ಹುಟ್ಟುವುದು ಆ ಸುಳಿಗಳಿಗೆ ತಳದ ಲೋಹ ಒಡ್ಡುವ ರೋಧದಿಂದ. ಇಲ್ಲಿ ಪಾತ್ರೆಯೇ ಕಾಯಿಲ್ಲು. ಕಬ್ಬಿಣದ ರೋಧಶೀಲತೆ ಹೆಚ್ಚು, ಮೇಲಾಗಿ ಅದು ಕಾಂತೀಯವಾದ್ದರಿಂದ ಪ್ರವಾಹವೆಲ್ಲ ತಳದ ತೆಳುಪದರದಲ್ಲೇ ಕಿಕ್ಕಿರಿಯುತ್ತದೆ, ಆಗ ರೋಧ ಇನ್ನೂ ಹೆಚ್ಚುತ್ತದೆ. ಅಲ್ಯೂಮಿನಿಯಮಿಗೆ ಈ ಎರಡು ಗುಣಗಳೂ ಇಲ್ಲ. ಬಹುಪಾಲು ಒಲೆಗಳು ಅದನ್ನು ಗುರುತಿಸಿ ತಾವೇ ನಿಂತುಬಿಡುತ್ತವೆ. ಅಂಗಡಿಯಲ್ಲಿ ಪಾತ್ರೆ ಕೊಳ್ಳುವಾಗ ಸಣ್ಣದೊಂದು ಅಯಸ್ಕಾಂತವನ್ನು ಜೊತೆಗೆ ಒಯ್ಯಿರಿ. ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡರೆ ಆ ಪಾತ್ರೆ ನಿಮ್ಮ ಒಲೆಗೆ ಆಗುತ್ತದೆ.